24ರ ಹುಡುಗ ಬರೆದ ಮುದುಕರ ಹಾಡುಗಳು

ಅಮೆರಿಕದ ಹಾಡುಗಾರ, ಗೀತರಚನೆಕಾರ ಜಾನ್ ಪ್ರೈನ್ ಬಗ್ಗೆ ಯಾರು ಬರೆದರೂ ಮಾತು 1971ರ ಮೊದಲ ಆಲ್ಬಂನಿಂದ ಶುರುವಾಗಿ ಹೆಚ್ಚುಕಮ್ಮಿ ಅಲ್ಲೇ ಮುಗಿದುಹೋಗುತ್ತದೆ. ಅದರಲ್ಲಿ 13 ಹಾಡುಗಳಿವೆ. ಐದಾರು ಹಾಡುಗಳನ್ನು ಅಮೆರಿಕದಲ್ಲಿ ಗಿಟಾರ್ ಹಿಡಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಹಾಡಿರುತ್ತಾರೆ. ಆ ಹಾಡುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಆಲ್ಬಂ ಬಗ್ಗೆ. ಬರೆದದ್ದು ಆಗಲೇ ಪಕ್ವವಾಗಿತ್ತು, ಹಾಡಿದ್ದು ಇನ್ನೂ ಕಾಯಿ. ಆ ಹಾಡುಗಳಿಗೆ ಬೇಕಾದ ಗಂಟಲು ಅವನಿಗೆ ಸಿಕ್ಕಿದ್ದು 50 ದಾಟಿದ ಮೇಲೆ, ಅದೂ ಕ್ಯಾನ್ಸರ್ ಆಪರೇಷನ್ ಆದ ಮೇಲೆ. ಕೇಳೋಕೆ ಕ್ರೂರ ಅನಿಸಬಹುದು. ಆದರೆ ಈ ಮಾತನ್ನು ಅರ್ಧದಷ್ಟು ಅವನೇ ಹೇಳಿದ್ದಾನೆ. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರೈನ್ ಯಾರು ಅಂತ ಕೇಳುವವರೇ ನಮ್ಮಲ್ಲಿ ಜಾಸ್ತಿ. ಕಂಟ್ರಿ ಸಂಗೀತ ಅಂದರೆ ನಮಗೆ ಜಾನ್ ಡೆನ್ವರ್, ಕೆನ್ನಿ ರಾಜರ್ಸ್, ಅಲ್ಲಿಗೆ ಮುಗಿಯಿತು. ಆದರೆ ಡೆನ್ವರನ 1972ರ 'ರಾಕಿ ಮೌಂಟನ್ ಹೈ' ಆಲ್ಬಂ ಪೂರ್ತಿ ಕೇಳಿದವರು ಗೊತ್ತಿಲ್ಲದೇ ಪ್ರೈನನ್ನೂ ಕೇಳಿದ್ದೀರಿ. ಅದರಲ್ಲಿರುವ 'ಪ್ಯಾರಡೈಸ್' ಹಾಡು ಬರೆದದ್ದು ಇವನೇ.

ಹುಟ್ಟಿದ್ದು 1946ರ ಅಕ್ಟೋಬರ್ 10ರಂದು, ಷಿಕಾಗೋ ಪಕ್ಕದ ಮೇವುಡ್ ಎಂಬ ಕಾರ್ಮಿಕರ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆಂಟಕಿಯ ಮ್ಯೂಲನ್‌ಬರ್ಗ್ ಕೌಂಟಿಯವರು. ಅಪ್ಪ ಡಬ್ಬ ಮಾಡುವ ಫ್ಯಾಕ್ಟರಿಯಲ್ಲಿ ಅಚ್ಚು, ಉಪಕರಣ ಮಾಡುವ ಕೆಲಸಗಾರ, ಯೂನಿಯನ್ ಮುಖಂಡ, ಹಳೆಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡುಗಳ ಹುಚ್ಚು. ಅಣ್ಣ ಡೇವ್ ಗಿಟಾರ್ ಹೇಳಿಕೊಟ್ಟ. ಹುಡುಗ ಹ್ಯಾಂಕ್ ವಿಲಿಯಮ್ಸ್ ಕಲಿತದ್ದೇ ಅಪ್ಪನಿಂದ ಭೇಷ್ ಅನಿಸಿಕೊಳ್ಳೋಕೆ. ದೊಡ್ಡವನಾದ ಮೇಲೆ ಪೋಸ್ಟ್ ಆಫೀಸಿನಲ್ಲಿ ಕೆಲಸ. ನಡುವೆ ಸೇನೆಯಿಂದ ಕರೆ ಬಂತು. ಜೊತೆಯವರು ಎಷ್ಟೋ ಜನ ವಿಯೆಟ್ನಾಂಗೆ ಹೋದರು, ಇವನನ್ನು ಪಶ್ಚಿಮ ಜರ್ಮನಿಗೆ ಕಳಿಸಿ ಮಿಲಿಟರಿ ಗಾಡಿ ರಿಪೇರಿಗೆ ಹಚ್ಚಿದರು. ವಾಪಸ್ ಬಂದು ಮತ್ತೆ ಟಪಾಲು ಚೀಲ ಹೆಗಲಿಗೆ.

ಪೋಸ್ಟ್‌ಮ್ಯಾನ್ ಕೆಲಸದ ಬಗ್ಗೆ ಅವನು ಹೇಳಿಕೊಳ್ಳುತ್ತಿದ್ದ ವಿಷಯ ನನಗೆ ತುಂಬಾ ಇಷ್ಟ. ಒಂದು ಸಲ ಟಪಾಲು ಹಂಚುವ ದಾರಿ ಗೊತ್ತಾಯಿತು ಅಂದರೆ ಕಾಲು ತಾನಾಗಿ ನಡೆಯುತ್ತದೆ, ತಲೆ ಖಾಲಿ. ಆ ಖಾಲಿ ತಲೆಯಲ್ಲೇ ಸಾಲುಗಳು ಹುಟ್ಟಿದವು. ಷಿಕಾಗೋದ ಚಳಿಗಾಳಿ ನಿಮಗೂ ಗೊತ್ತಿರಬಹುದು. ಬೀದಿ ಬದಿಯಲ್ಲಿ ಅಂಚೆಯವರು ಮುಂದಿನ ಕಂತಿನ ಟಪಾಲು ಇಡುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಇರುತ್ತಿದ್ದವು. ಗಾಳಿ ತಡೆಯಲಾರದೆ ಅದರೊಳಗೆ ನುಗ್ಗಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದನಂತೆ. ಜಗತ್ತಿನ ದೊಡ್ಡ ಗೀತರಚನೆಕಾರರಲ್ಲಿ ಒಬ್ಬ ಟಪಾಲು ಡಬ್ಬಿಯೊಳಗೆ ಮುದುರಿ ಕೂತು ಊಟ ಮಾಡುತ್ತಿದ್ದ ಅನ್ನೋದನ್ನು ಯೋಚಿಸಿದಾಗಲೆಲ್ಲ ನನಗೆ ನಗು ಬರುತ್ತದೆ.

ಅದಕ್ಕೂ ಮುಂಚೆ, ಹುಡುಗನಾಗಿದ್ದಾಗ ಪೇಪರ್ ಹಾಕುತ್ತಿದ್ದ. ಅವನ ಮನೆಗಳ ಪಟ್ಟಿಯಲ್ಲಿ ಒಂದು ವೃದ್ಧಾಶ್ರಮವೂ ಇತ್ತು. ಕೋಣೆ ಕೋಣೆಗೂ ಹೋಗಿ ಪೇಪರ್ ಕೊಡಬೇಕು. ಕೆಲವು ಮುದುಕರು ಪೇಪರ್ ಹುಡುಗನನ್ನು ತಮ್ಮ ಮೊಮ್ಮಗನೋ ಅಣ್ಣನ ಮಗನೋ ಅನ್ನುವ ಹಾಗೆ ಮಾತಾಡಿಸುತ್ತಿದ್ದರು, ಪಕ್ಕದ ಕೋಣೆಯವರಿಗೆ ಕೇಳಲಿ ಅಂತ. 'ಹಲೋ ಇನ್ ದೇರ್' ಹುಟ್ಟಿದ್ದು ಅದರಿಂದ. ಒಬ್ಬ ಗಂಡ, ಒಬ್ಬ ಹೆಂಡತಿ. ಮಕ್ಕಳು ಬೆಳೆದು ಊರು ಬಿಟ್ಟಿದ್ದಾರೆ. ಒಬ್ಬ ಮಗ ಕೊರಿಯಾ ಯುದ್ಧದಲ್ಲಿ ಹೋದ, ಯಾಕೆ ಅಂತ ಇವರಿಗೆ ಇನ್ನೂ ಅರ್ಥವಾಗಿಲ್ಲ. ಗಂಡ ಹೆಂಡತಿ ನಡುವೆ ಮಾತು ಕಡಿಮೆಯಾಗಿದೆ. ಹಳೇ ಫ್ಯಾಕ್ಟರಿ ಗೆಳೆಯನಿಗೆ ಫೋನ್ ಮಾಡೋಣ ಅನಿಸುತ್ತದೆ, ಆದರೆ ಅವನು ಏನು ಸಮಾಚಾರ ಅಂತ ಕೇಳಿದರೆ ಹೇಳೋಕೆ ಏನೂ ಇಲ್ಲ. ಇಷ್ಟೇ ಹಾಡು. ಬರೆದಾಗ ಅವನಿಗೆ 20 ದಾಟಿ ಎರಡು ಮೂರು ವರ್ಷ ಅಷ್ಟೇ.

ಬೆಳಕಿಗೆ ಬಂದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಎಲ್ಲ ಕಡೆ ಸಿಗುತ್ತದೆ. ಷಿಕಾಗೋದಲ್ಲಿ ಫಿಫ್ತ್ ಪೆಗ್ ಅನ್ನುವ ಸಣ್ಣ ಜಾಗದಲ್ಲಿ ಹಾಡೋಕೆ ಶುರು ಮಾಡಿದ. 1970ರ ಅಕ್ಟೋಬರಿನಲ್ಲಿ 'ಷಿಕಾಗೋ ಸನ್ ಟೈಮ್ಸ್' ಪತ್ರಿಕೆಯ ಸಿನಿಮಾ ವಿಮರ್ಶಕ ರಾಜರ್ ಈಬರ್ಟ್ ಅಲ್ಲಿಗೆ ಬಂದ. ನೋಡುತ್ತಿದ್ದ ಸಿನಿಮಾದ ಪಾಪ್‌ಕಾರ್ನಿಗೆ ಉಪ್ಪು ಜಾಸ್ತಿಯಾಗಿ ಬಿಯರ್ ಕುಡಿಯೋಕೆ ಬಂದಿದ್ದನಂತೆ, ಪ್ರೈನ್ ಹೇಳುತ್ತಿದ್ದದ್ದು ಹಾಗೆ. ಸಿನಿಮಾ ಬಿಟ್ಟು ಈ ಹಾಡುವ ಪೋಸ್ಟ್‌ಮ್ಯಾನ್ ಬಗ್ಗೆ ಬರೆದ. ಮರುವರ್ಷ ಗೆಳೆಯ, ತಾನೂ ಹಾಡುಗಾರನಾದ ಸ್ಟೀವ್ ಗುಡ್‌ಮನ್ ಹಟ ಹಿಡಿದು ಆಗಲೇ ಹೆಸರು ಮಾಡಿದ್ದ ಕಂಟ್ರಿ ಗೀತರಚನೆಕಾರ ಕ್ರಿಸ್ ಕ್ರಿಸ್ಟಾಫರ್ಸನ್‌ನನ್ನು ಕರೆದುಕೊಂಡು ಬಂದ. ಅಷ್ಟು ಹೊತ್ತಿಗೆ ರಾತ್ರಿಯಾಗಿ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಇಟ್ಟಾಗಿತ್ತು. ಪ್ರೈನ್ ಇದ್ದ ಹಾಡುಗಳನ್ನೆಲ್ಲ ಹಾಡಿದ. ಕ್ರಿಸ್ಟಾಫರ್ಸನ್ ಇನ್ನೊಮ್ಮೆ ಹಾಡು ಅಂದ, ಮತ್ತೆ ಹಾಡಿದ. ಆಮೇಲೆ ನ್ಯೂಯಾರ್ಕಿನಲ್ಲಿ ಒಂದು ರಾತ್ರಿ ಹಾಡಿದ್ದೇ ತಡ, ಮಾರನೇ ದಿನ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್‌ಲರ್ ಒಪ್ಪಂದ ಮುಂದಿಟ್ಟ.

ಮೊದಲ ಆಲ್ಬಂನ ಹಿಂಬದಿಗೆ ಕ್ರಿಸ್ಟಾಫರ್ಸನ್ ಬರೆದುಕೊಟ್ಟ ನಾಲ್ಕು ಮಾತಿನಲ್ಲಿ ಒಂದು ಹೀಗಿದೆ: ವಯಸ್ಸು 24, ಬರೆಯುವುದು ಮಾತ್ರ 220 ವರ್ಷದವನ ಹಾಗೆ. ಎಲ್ಲರೂ ಇದನ್ನು ಹೊಗಳಿಕೆ ಅಂತ ಓದುತ್ತಾರೆ, ಹೊಗಳಿಕೆಯೇ. ಆದರೆ ನನಗೆ ಅದರಲ್ಲಿ ಸಮಸ್ಯೆಯೂ ಕಾಣುತ್ತದೆ. ಬರೆಯುವುದು 220 ಸರಿ. ಹಾಡುವುದು?

ಹಾಡುವುದು ಸರಿಯಾಗಿ 24.

ಆ ಆಲ್ಬಂನ ಹೆಚ್ಚಿನ ಹಾಡುಗಳ ರೆಕಾರ್ಡಿಂಗ್ ಆದದ್ದು ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ. ಪ್ರೊಡ್ಯೂಸರ್ ಆರಿಫ್ ಮಾರ್ಡಿನ್. ಹಿಂದೆ ನುಡಿಸಿದವರು ಅಲ್ಲಿನ ಖಾಯಂ ತಂಡ, ಎರಡು ವರ್ಷ ಮುಂಚೆ ಎಲ್ವಿಸ್ ಪ್ರೀಸ್ಲಿಗೆ ನುಡಿಸಿದ ಕೈಗಳು. ಅಂಥವರ ಮುಂದೆ ನಿನ್ನೆ ಮೊನ್ನೆವರೆಗೆ ಟಪಾಲು ಹಂಚುತ್ತಿದ್ದ ಹುಡುಗ. ಕೇಳಿದರೆ ಗೊತ್ತಾಗುತ್ತದೆ: ಮೂಗಿನಲ್ಲಿ ಸಿಕ್ಕಿಕೊಂಡ ದನಿ, ಸ್ವಲ್ಪ ಅವಸರ, ಸಾಲಿನ ಕೊನೆಯಲ್ಲಿ ದನಿ ಎತ್ತಿಬಿಡುವ ಅಭ್ಯಾಸ. ಬಾಬ್ ಡಿಲನ್ ನೆರಳೂ ಇದೆ. ಮುಖಪುಟದ ಫೋಟೋದಲ್ಲಿ ಅವನನ್ನು ಹುಲ್ಲಿನ ಪಿಂಡಿ ಮೇಲೆ ಕೂರಿಸಿದ್ದಾರೆ. ಜೀವಮಾನದಲ್ಲಿ ಅದಕ್ಕೂ ಮುಂಚೆ ಹುಲ್ಲಿನ ಪಿಂಡಿ ಮೇಲೆ ಕೂತವನಲ್ಲ ಅಂತ ಅವನೇ ನಗಾಡುತ್ತಿದ್ದ. ಕಂಟ್ರಿ ಹಾಡುಗಾರ ಅಂದಮೇಲೆ ಹುಲ್ಲು ಬೇಕೇ ಬೇಕು ಅಂತ ಕಂಪನಿಯವರಿಗೆ ಅನಿಸಿರಬೇಕು.

ಅವನಿಗೇ ತನ್ನ ಆ ಕಾಲದ ದನಿ ಹಿಡಿಸುತ್ತಿರಲಿಲ್ಲ. ಹಳೆಯ ರೆಕಾರ್ಡ್ ಕೇಳುವುದು ಕಷ್ಟ ಅಂತ ಹಲವು ಸಂದರ್ಶನಗಳಲ್ಲಿ ಹೇಳಿದ್ದಾನೆ. ನಾನು ಮೇಲೆ ಹೇಳಿದ 'ಅರ್ಧ' ಇದೇ.

ಇಲ್ಲಿ ಒಂದು ಹಾಡನ್ನು ಪಕ್ಕಕ್ಕಿಡಬೇಕು. 'ಸ್ಯಾಮ್ ಸ್ಟೋನ್'. ಯುದ್ಧದಿಂದ ವಾಪಸ್ ಬಂದ ಸೈನಿಕ ಮಾರ್ಫಿನ್ ಚಟಕ್ಕೆ ಬಿದ್ದು ಸಾಯುವ ಕಥೆ, ನಡುನಡುವೆ ಮಗುವಿನ ಕಣ್ಣಿನಿಂದ ಕಾಣುವ ಪಲ್ಲವಿ. ಇದಕ್ಕೆ 1971ರ ದನಿಯೇ ಸರಿ. ಯುದ್ಧಕ್ಕೆ ಹೋದವರ ವಯಸ್ಸಿನವನೇ ಹಾಡಬೇಕಾದ ಹಾಡು ಅದು. ಆ ಪಲ್ಲವಿಯಲ್ಲಿ ಯೇಸು ಸತ್ತದ್ದೂ ವ್ಯರ್ಥವೇ ಇರಬೇಕು ಅನ್ನುವ ಅರ್ಥದ ಒಂದು ಮಾತು ಬರುತ್ತದೆ. ಮುಂದೆ ಕಂಟ್ರಿ ಗಾಯಕ ಜಾನಿ ಕ್ಯಾಶ್ ಈ ಹಾಡು ಹಾಡಿದಾಗ ಆ ಸಾಲನ್ನು ಬದಲಿಸಿಕೊಂಡ. ಅವನ ನಂಬಿಕೆ ಅವನದು. ಆದರೆ ಆ ಸಾಲು ಹೋದರೆ ಹಾಡಿನ ಹಲ್ಲೇ ಕಿತ್ತ ಹಾಗೆ. ಇದೇ ಕ್ಯಾಶ್ ತನ್ನ ಆತ್ಮಕಥೆಯಲ್ಲಿ ಮೆಚ್ಚಿನ ಗೀತರಚನೆಕಾರರು ಅಂತ ಹೇಳಿದ ನಾಲ್ವರಲ್ಲಿ ಪ್ರೈನ್ ಒಬ್ಬ ಅನ್ನೋದನ್ನೂ ಹೇಳಿಬಿಡಬೇಕು.

'ಪ್ಯಾರಡೈಸ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ಯಾರಡೈಸ್ ಅನ್ನೋದು ಕೆಂಟಕಿಯಲ್ಲಿ ಗ್ರೀನ್ ನದಿಯ ದಡದಲ್ಲಿದ್ದ ನಿಜವಾದ ಊರು, ಅಪ್ಪ ಅಮ್ಮನ ಕಡೆಯ ಊರು. ರಜೆಗೆ ಮಕ್ಕಳು ಹೋಗುತ್ತಿದ್ದದ್ದು ಅಲ್ಲಿಗೇ. ಸುತ್ತಲಿನ ನೆಲವನ್ನು ಪೀಬಡಿ ಕಲ್ಲಿದ್ದಲು ಕಂಪನಿ ದೈತ್ಯ ಯಂತ್ರ ತಂದು ಮೇಲಿನಿಂದ ಕೆರೆದು ತೆಗೆಯಿತು. ಪಕ್ಕದಲ್ಲೇ ಟಿವಿಎ ಅನ್ನುವ ಸರ್ಕಾರಿ ಸಂಸ್ಥೆಯ ಉಷ್ಣ ವಿದ್ಯುತ್ ಸ್ಥಾವರ ಬಂತು. ಬೂದಿ ಊರ ಮೇಲೆ ಸುರಿಯತೊಡಗಿತು. 1967ರಲ್ಲಿ ಉಳಿದ ಮನೆಗಳನ್ನೂ ಟಿವಿಎ ಕೊಂಡು ಕೆಡವಿತು. ಪ್ರೈನ್ ಈ ಹಾಡು ಬರೆದದ್ದು ಅಪ್ಪನಿಗಾಗಿ. ರೆಕಾರ್ಡ್ ಆದ ಮೇಲೆ ಟೇಪ್ ತಂದು ಮನೆಯಲ್ಲಿ ಹಾಕಿದ. ಹಾಡು ಬಂದಾಗ ಅಪ್ಪ ಎದ್ದು ಪಕ್ಕದ ಕೋಣೆಗೆ ಹೋಗಿ ಕತ್ತಲಲ್ಲಿ ಕೂತ. ಯಾಕೆ ಅಂತ ಕೇಳಿದರೆ, ಜೂಕ್‌ಬಾಕ್ಸಿನಲ್ಲಿ (ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಲ್ಲಿ) ಬರುತ್ತಿದೆ ಅಂತ ಅಂದುಕೊಳ್ಳೋಕೆ ಅಂದನಂತೆ. ಆಲ್ಬಂ ಅಂಗಡಿಗೆ ಬರುವ ಮುಂಚೆಯೇ ಅಪ್ಪ ಹೋಗಿಬಿಟ್ಟ.

ಪೀಬಡಿ ಕಂಪನಿಗೆ ಈ ಹಾಡು ಎಷ್ಟು ಚುಚ್ಚಿತು ಅಂದರೆ ಪ್ರೈನ್ ಹೇಳಿದ್ದು ಸುಳ್ಳು ಅಂತ ಒಂದು ಕರಪತ್ರವನ್ನೇ ಹೊರಡಿಸಿದರು. ಕಲ್ಲಿದ್ದಲು ಕಂಪನಿ ಒಂದು ಹಾಡಿಗೆ ಉತ್ತರ ಕೊಡಬೇಕಾಗಿ ಬಂತು ನೋಡಿ. 2016ರಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಸ್ಥಾವರದ ಕೊನೆಯ ಕಲ್ಲಿದ್ದಲು ಘಟಕ 2020ರ ಫೆಬ್ರವರಿಯಲ್ಲಿ ನಿಂತಿತು.

ಮುಂದಿನ ಹತ್ತು ವರ್ಷದ ಬಗ್ಗೆ ನನಗೆ ಜಾಸ್ತಿ ಹೇಳಲು ಇಲ್ಲ. ಅಟ್ಲಾಂಟಿಕ್‌ಗೆ ನಾಲ್ಕು, ಅಸೈಲಂ ಕಂಪನಿಗೆ ಮೂರು ಆಲ್ಬಂ. 1973ರ 'ಸ್ವೀಟ್ ರಿವೆಂಜ್' ಚೆನ್ನಾಗಿದೆ. ಗುಡ್‌ಮನ್ ಪ್ರೊಡ್ಯೂಸ್ ಮಾಡಿದ 1978ರ 'ಬ್ರೂಯ್ಸ್ಡ್ ಆರೆಂಜ್' ಇನ್ನೂ ಚೆನ್ನಾಗಿದೆ. 1975ರ 'ಕಾಮನ್ ಸೆನ್ಸ್' ಕೇಳಿದರೆ, ಪಾಪ, ಹಾಡುಗಾರ ಒಂದು ಕಡೆ ವಾದ್ಯಗಳು ಇನ್ನೊಂದು ಕಡೆ ಅನಿಸುತ್ತದೆ. ಹಿಟ್ ಅನ್ನೋದು ಬರಲೇ ಇಲ್ಲ. ಬಂದ ಹಿಟ್‌ಗಳೆಲ್ಲ ಬೇರೆಯವರ ಬಾಯಲ್ಲಿ. ಗುಡ್‌ಮನ್ ಜೊತೆ ತಮಾಷೆಗೆ ಬರೆದ ಒಂದು ಹಾಡಿಗೆ ತನ್ನ ಹೆಸರು ಹಾಕೋದು ಬೇಡ ಅಂದಿದ್ದ, ಅದನ್ನು ಕಂಟ್ರಿ ಗಾಯಕ ಡೇವಿಡ್ ಅಲನ್ ಕೋ 1975ರಲ್ಲಿ ಹಾಡಿ ದೊಡ್ಡ ಹೆಸರು ಮಾಡಿದ. ಋಣ ತೀರಿಸೋಕೆ ಗುಡ್‌ಮನ್ ಇವನಿಗೊಂದು ಜೂಕ್‌ಬಾಕ್ಸ್ ಕೊಡಿಸಿದ. ಮೊದಲ ಆಲ್ಬಂನ 'ಏಂಜಲ್ ಫ್ರಮ್ ಮಾಂಟ್ಗಮರಿ' ಗಾಯಕಿ ಬಾನಿ ರೇಟ್‌ಳದ್ದಾಯಿತು. ಕ್ಷಮಿಸಿ, ಪ್ರೈನ್ ಅಭಿಮಾನಿಗಳೇ, ಅದು ನಿಜವಾಗಲೂ ಅವಳದ್ದೇ. ಅಡುಗೆಮನೆಯಲ್ಲಿ ನೊಣ ಗುಂಯ್ ಅನ್ನುತ್ತಿರುವಾಗ ಬದುಕೆಲ್ಲ ಎಲ್ಲಿ ಹೋಯಿತು ಅಂತ ನಿಂತ ಹೆಂಗಸಿನ ಹಾಡನ್ನು ಅವಳು 1974ರಲ್ಲಿ ಹಾಡಿದ ಮೇಲೆ ಬೇರೆ ಯಾರೂ ಹಾಡಬೇಕಿರಲಿಲ್ಲ.

1980ರ ಹೊತ್ತಿಗೆ ದೊಡ್ಡ ಕಂಪನಿಗಳ ಸಹವಾಸ ಸಾಕಾಗಿತ್ತು. 1981ರಲ್ಲಿ ಮ್ಯಾನೇಜರ್ ಅಲ್ ಬುನೆಟ್ಟಾ ಜೊತೆ ಸೇರಿ 'ಓ ಬಾಯ್ ರೆಕಾರ್ಡ್ಸ್' ಅಂತ ಸ್ವಂತ ಕಂಪನಿ ಮಾಡಿದ. ಇವತ್ತು ಯಾರು ಬೇಕಾದರೂ ಮನೆಯಲ್ಲೇ ಹಾಡು ಹಾಕಿ ದುಡ್ಡು ಕೇಳಬಹುದು, ಆಗ ಇದು ಹುಚ್ಚು. ಮೊದಲು ಬಿಟ್ಟದ್ದು ಕೆಂಪು ಬಣ್ಣದ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಕ್ರಿಸ್‌ಮಸ್ ಹಾಡು. ಆಮೇಲೆ ಅಭಿಮಾನಿಗಳು ಇನ್ನೂ ಆಗದ ಆಲ್ಬಂಗೆ ಮುಂಚಿತವಾಗಿ ಚೆಕ್ ಕಳಿಸಿದರು, ಅಂಚೆಯಲ್ಲಿ! ಆ ದುಡ್ಡಿನಲ್ಲಿ 1984ರ 'ಏಮ್‌ಲೆಸ್ ಲವ್' ಆಯಿತು. ಅದೇ ವರ್ಷ ಗುಡ್‌ಮನ್ ಲ್ಯುಕೇಮಿಯಾದಿಂದ ತೀರಿಕೊಂಡ, ವಯಸ್ಸು 36. ಒಬ್ಬ ಪೋಸ್ಟ್‌ಮ್ಯಾನ್ ಪೋಸ್ಟಿನಲ್ಲಿ ಬಂದ ಚೆಕ್ಕುಗಳಿಂದ ಬದುಕಿಕೊಂಡ ಅನ್ನುವ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಅಂತ ನನ್ನ ದೂರು. ಹಾಡು ಬರೆದದ್ದು ದೊಡ್ಡದು, ಸರಿ. ಆ ಹಾಡಿನ ಮೇಲೆ ಯಾರ ಹಂಗೂ ಇಲ್ಲದ ಹಾಗೆ ಮಾಡಿಕೊಂಡದ್ದೂ ಅಷ್ಟೇ ದೊಡ್ಡದು. 1991ರ 'ದ ಮಿಸ್ಸಿಂಗ್ ಇಯರ್ಸ್' ಗ್ರ್ಯಾಮಿ ಗೆದ್ದದ್ದು ಇದೇ ಸ್ವಂತ ಕಂಪನಿಯಿಂದ. ಕಂಪನಿ ತನ್ನದು ಆಗಿರದಿದ್ದರೆ, ಮುಂದೆ ದನಿ ಕೆಟ್ಟ ಮೇಲೆ ಇವನಿಗೆ ರೆಕಾರ್ಡ್ ಮಾಡೋಕೆ ಯಾರು ಬಿಡುತ್ತಿದ್ದರು?

ಈಗ 1998. ಕುತ್ತಿಗೆಯಲ್ಲಿ ಗಡ್ಡೆ, ಕ್ಯಾನ್ಸರ್. ಕುತ್ತಿಗೆಯ ಒಂದು ಭಾಗವನ್ನು ಕತ್ತರಿಸಿ ತೆಗೆದರು, ಆಮೇಲೆ ರೇಡಿಯೇಷನ್. ದನಿಪೆಟ್ಟಿಗೆಗೆ ಏಟಾಗದಂತೆ ಏನಾದರೂ ಮಾಡೋಣ ಅಂತ ಡಾಕ್ಟರ್ ಅಂದಾಗ, ನಾನು ಹಾಡೋದನ್ನು ನೀವು ಕೇಳಿದ್ದೀರಾ ಅಂತ ಕೇಳಿದನಂತೆ. ಗುಣವಾಗಿ ಬಂದಾಗ ದನಿ ಕೆಳಗಿಳಿದಿತ್ತು. ಮರಳು ಹಾಕಿ ಉಜ್ಜಿದ ಹಾಗೆ ಒರಟು. ತಲೆ ಒಂದು ಕಡೆ ವಾಲಿತ್ತು. ಹಳೆಯ ಹಾಡುಗಳನ್ನು ಮೊದಲಿನ ಶ್ರುತಿಯಲ್ಲಿ ಹಾಡಲು ಆಗುತ್ತಿರಲಿಲ್ಲ. ಶ್ರುತಿ ಇಳಿಸಿಕೊಂಡ. ಇಳಿಸಿದ ಕೂಡಲೇ ಹಾಡುಗಳು ತನಗೇ ಹೊಸದಾಗಿ ಕೇಳಿಸಿದವು ಅಂತ ಹೇಳಿದ್ದಾನೆ.

2000ದಲ್ಲಿ 'ಸುವನೀರ್ಸ್' ಅಂತ ಒಂದು ಆಲ್ಬಂ ಬಂತು. ಹಳೆಯ 15 ಹಾಡುಗಳನ್ನು ಹೊಸ ಗಂಟಲಿನಲ್ಲಿ ಮತ್ತೆ ಹಾಡಿದ್ದು. ವಿಮರ್ಶಕರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಳೇ ಸರಕು, ಹೊಸ ಪ್ಯಾಕಿಂಗ್ ಅನ್ನುವ ಹಾಗೆ ಪಕ್ಕಕ್ಕಿಡುತ್ತಾರೆ. ನನ್ನ ಪ್ರಕಾರ ಪ್ರೈನ್ ಯಾರು ಅಂತ ತಿಳಿಯೋಕೆ ಕೇಳಲೇಬೇಕಾದದ್ದು ಇದು.

'ಹಲೋ ಇನ್ ದೇರ್' ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ. 1971ರಲ್ಲಿ ಹುಡುಗ ಮುದುಕರ ಬಗ್ಗೆ ನಮಗೆ ಹೇಳುತ್ತಿದ್ದಾನೆ. ಅವರನ್ನು ಮಾತಾಡಿಸಿ ಅನ್ನುವಲ್ಲಿ ಒಂದು ಬುದ್ಧಿಮಾತಿನ ವಾಸನೆ ಇದೆ, ಅವನು ಹೊರಗೆ ನಿಂತಿದ್ದಾನೆ, ಪೇಪರ್ ಕೊಟ್ಟು ಬಾಗಿಲಲ್ಲಿ ನಿಂತ ಹುಡುಗ. 2000ದಲ್ಲಿ ಅದೇ ಮಾತು, ಒಂದಕ್ಷರ ಬದಲಿಲ್ಲ. ಆದರೆ ಮಾತಾಡುತ್ತಿರುವವನು ಕೋಣೆಯೊಳಗೆ ಇದ್ದಾನೆ. ಗೆಳೆಯನಿಗೆ ಫೋನ್ ಮಾಡುವ ವಿಷಯ ಬರುವಲ್ಲಿ ಉಸಿರು ಸಾಲದೆ ದನಿ ಹಾಡಿನಿಂದ ಜಾರಿ ಬರೀ ಮಾತಿನ ಹತ್ತಿರ ಬರುತ್ತದೆ. ಹುಡುಗನ ಗಂಟಲು ಎಲ್ಲ ಸ್ವರಗಳನ್ನೂ ತಲುಪುತ್ತಿತ್ತು. ಈ ಹಾಡಿಗೆ ತಲುಪಲಾರದ ಗಂಟಲೇ ಬೇಕಿತ್ತು.

ಕಾಯಿಲೆ ಬಂದದ್ದು ಒಳ್ಳೆಯದಾಯಿತು ಅಂತ ನಾನು ಹೇಳುತ್ತಿಲ್ಲ. ಸಂಗೀತದ ಬಗ್ಗೆ ಬರೆಯುವವರಿಗೆ ನೋವನ್ನು ಹೊಗಳುವ ಒಂದು ಕೆಟ್ಟ ಚಾಳಿ ಇದೆ, ನನಗೆ ಅದು ಆಗುವುದಿಲ್ಲ. ವಯಸ್ಸಾದ ಮೇಲೂ ಹಳೆಯ ಹಾಡನ್ನು ಹಳೆಯ ಹಾಗೇ ಹಾಡೋಕೆ ಒದ್ದಾಡುವ ಗಾಯಕರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಶ್ರುತಿ ಮುಟ್ಟದಿದ್ದರೆ ಕೋರಸ್ಸಿನವರು ಮುಚ್ಚಿಹಾಕುತ್ತಾರೆ. ಪ್ರೈನ್ ಮುಚ್ಚಿಡಲಿಲ್ಲ. ಕೆಟ್ಟ ದನಿಯನ್ನು ಮೈಕಿನ ಮುಂದೆ ಇಟ್ಟ. ಅದಕ್ಕೆ ಧೈರ್ಯ ಬೇಕು, ಸ್ವಂತ ಕಂಪನಿಯೂ ಬೇಕು.

1999ರ 'ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್' ಬಗ್ಗೆ ಬರೆಯದಿದ್ದರೆ ಈ ಪೋಸ್ಟ್ ತೀರಾ ಗಂಭೀರವಾಗಿಬಿಡುತ್ತದೆ. ಹೆಚ್ಚುಕಮ್ಮಿ ಎಲ್ಲ ಜೋಡಿ ಹಾಡುಗಳು, ಹೆಂಗಸರ ಜೊತೆ. ಎಮ್ಮಿಲೂ ಹ್ಯಾರಿಸ್, ಲುಸಿಂಡಾ ವಿಲಿಯಮ್ಸ್, ಕಾನಿ ಸ್ಮಿತ್, ಹೆಂಡತಿ ಫಿಯೋನಾ ಎಲ್ಲರೂ ಇದ್ದಾರೆ. ಹಳೆಯ ಕಂಟ್ರಿ ಹಾಡುಗಳೇ ಎಲ್ಲ, ಒಂದನ್ನು ಬಿಟ್ಟು. ಆ ಒಂದು ಶೀರ್ಷಿಕೆ ಹಾಡು, ಗಾಯಕಿ ಐರಿಸ್ ಡಿಮೆಂಟ್ ಜೊತೆ. ಗಂಡ ಹೆಂಡತಿ ಒಬ್ಬರ ಮಾನ ಒಬ್ಬರು ಹರಾಜು ಹಾಕುತ್ತಾರೆ. ಅವನ ಕುಡಿತ, ಅವಳ ಬಾಯಿ, ಮಂಚದ ವಿಷಯವೂ ಬಿಟ್ಟಿಲ್ಲ. ಕೊನೆಗೆ ನೋಡಿದರೆ ಇಬ್ಬರಿಗೂ ಇನ್ನೊಬ್ಬರು ಬಿಟ್ಟರೆ ಗತಿ ಇಲ್ಲ. ಒರಟು ದನಿಗೆ ಐರಿಸಳ ಚೂಪು ದನಿ ಸರಿಯಾದ ಜೋಡಿ.

2013ರಲ್ಲಿ ಮತ್ತೆ ಕ್ಯಾನ್ಸರ್, ಈ ಸಲ ಶ್ವಾಸಕೋಶದಲ್ಲಿ. ಎಡಗಡೆಯದರಲ್ಲಿ ಒಂದು ಭಾಗ ಹೋಯಿತು. ಮತ್ತೆ ಎದ್ದು ವೇದಿಕೆಗೆ ಬಂದ. ಹೊಸ ಹಾಡು ಮಾತ್ರ ಬರಲಿಲ್ಲ. 2005ರ 'ಫೇರ್ ಅಂಡ್ ಸ್ಕ್ವೇರ್' ಆದ ಮೇಲೆ ತಾನು ಬರೆದ ಹೊಸ ಹಾಡುಗಳ ಆಲ್ಬಂ ಇರಲೇ ಇಲ್ಲ. ಕೊನೆಗೆ 2017ರಲ್ಲಿ ಫಿಯೋನಾ ಮತ್ತು ಮಗ ಸೇರಿ ಅವನನ್ನು ನ್ಯಾಶ್‌ವಿಲ್‌ನ ಒಂದು ಹೋಟೆಲಿಗೆ ಸಾಗಹಾಕಿದರು. ಗಿಟಾರ್‌ಗಳು, ಒಂದು ಯುಕುಲೇಲೆ, ಅರ್ಧ ಬರೆದ ಸಾಲುಗಳು ತುಂಬಿದ ರಟ್ಟಿನ ಡಬ್ಬಗಳು ಜೊತೆಗೆ. ಬರೆದು ಮುಗಿಸಿ ಬಾ ಅಂತ. ಮುಗಿಸಿ ಬಂದ. 2018ರ 'ದ ಟ್ರೀ ಆಫ್ ಫರ್‌ಗಿವ್‌ನೆಸ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ನೇರ ಬಂತು. ಅವನ ಜೀವನದಲ್ಲೇ ಅತಿ ಎತ್ತರದ ಜಾಗ, 71ನೇ ವಯಸ್ಸಿನಲ್ಲಿ!

ಅದರ ಕೊನೆಯ ಹಾಡಿನಲ್ಲಿ ಸ್ವರ್ಗಕ್ಕೆ ಹೋದ ಮೇಲೆ ಏನೇನು ಮಾಡುತ್ತೇನೆ ಅಂತ ಪಟ್ಟಿ ಹಾಕುತ್ತಾನೆ. ವೋಡ್ಕಾಗೆ ಶುಂಠಿ ಸೋಡಾ, ಒಂಬತ್ತು ಮೈಲಿ ಉದ್ದದ ಸಿಗರೇಟು. ಕ್ಯಾನ್ಸರ್‌ನಿಂದ ಸಿಗರೇಟು ಬಿಟ್ಟವನ ಆಸೆ ನೋಡಿ. ಹಾಡಿನ ಅರ್ಧ ಭಾಗ ಬರೀ ಮಾತು, ಹಿಂದೆ ಮಕ್ಕಳ ಪೀಪಿಯಂಥ ಕಜೂ. ಅದೇ ಆಲ್ಬಂನ 'ಸಮರ್ಸ್ ಎಂಡ್' ಹಾಡಿನ ವಿಡಿಯೋದಲ್ಲಿ ಒಬ್ಬ ತಾತ, ಒಬ್ಬಳು ಮೊಮ್ಮಗಳು, ನಡುವೆ ಇರಬೇಕಾದವಳು ಇಲ್ಲ. ಓಪಿಯಾಯ್ಡ್ ಅನ್ನುವ, ಅಫೀಮಿನ ಜಾತಿಯ ನೋವಿನ ಮಾತ್ರೆಗಳ ಚಟ ಅಮೆರಿಕದಲ್ಲಿ ಖಾಲಿ ಮಾಡಿದ ಮನೆಗಳಲ್ಲಿ ಒಂದು. 'ಸ್ಯಾಮ್ ಸ್ಟೋನ್' ರೆಕಾರ್ಡ್ ಆಗಿ ಆಗಲೇ 47 ವರ್ಷ ಆಗಿತ್ತು. ಆಗ ಮಗುವಿನ ಕಡೆಯಿಂದ ನೋಡಿದ್ದವನು ಈಗ ತಾತನ ಕಡೆಯಿಂದ ಹಾಡುತ್ತಿದ್ದ.

2020ರ ಏಪ್ರಿಲ್ 7ರಂದು ಕೋವಿಡ್ ಅವನನ್ನು ತೆಗೆದುಕೊಂಡು ಹೋಯಿತು, ನ್ಯಾಶ್‌ವಿಲ್‌ನ ಆಸ್ಪತ್ರೆಯಲ್ಲಿ. ವಯಸ್ಸು 73. ಪ್ಯಾರಡೈಸ್‌ನ ಆ ಸ್ಥಾವರ ನಿಂತು ಎರಡು ತಿಂಗಳಾಗಿತ್ತು. 'ಪ್ಯಾರಡೈಸ್' ಹಾಡಿನಲ್ಲಿ ಕೇಳಿಕೊಂಡಿದ್ದ ಹಾಗೆ ಅವನ ಚಿತಾಭಸ್ಮದ ಒಂದು ಪಾಲು ಗ್ರೀನ್ ನದಿಗೆ ಹೋಯಿತು. ಕೊನೆಯ ಹಾಡು 'ಐ ರಿಮೆಂಬರ್ ಎವ್ರಿಥಿಂಗ್' ಹೋದ ಮೇಲೆ ಬಿಡುಗಡೆಯಾಗಿ ಎರಡು ಗ್ರ್ಯಾಮಿ ಪಡೆಯಿತು. ಬರೀ ಗಿಟಾರ್, ಬರೀ ಆ ದನಿ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ದಯವಿಟ್ಟು 1971ರಿಂದ ಬೇಡ. 'ಸುವನೀರ್ಸ್' ಮೊದಲು, ಆಮೇಲೆ 2018ರದ್ದು, ಅಲ್ಲಿಂದ ಹಿಂದಕ್ಕೆ ಬನ್ನಿ. 'ಹೌ ಲಕಿ' ಹಾಡನ್ನು 1979ರಲ್ಲಿ ಒಮ್ಮೆ, ಸಾಯುವ ಕೆಲ ತಿಂಗಳು ಮುಂಚೆ ಈ ಕಾಲದ ಹಾಡುಗಾರ ಕರ್ಟ್ ವೈಲ್ ಜೊತೆ ಇನ್ನೊಮ್ಮೆ ಹಾಡಿದ್ದಾನೆ, ಅದನ್ನೂ ಹೋಲಿಸಿ ನೋಡಿ. ಮೊದಲ ಆಲ್ಬಂ ಭಕ್ತರು ಜಗಳಕ್ಕೆ ಬರುವುದಾದರೆ ಬನ್ನಿ, 'ಸ್ಯಾಮ್ ಸ್ಟೋನ್' ಒಂದನ್ನು ಆಗಲೇ ಬಿಟ್ಟುಕೊಟ್ಟಿದ್ದೇನೆ, ಇನ್ನೊಂದು ಕೊಡಲ್ಲ. ಐರಿಸ್ ಜೊತೆಗಿನ ಆ ಜೋಡಿ ಹಾಡನ್ನು ಮಾತ್ರ, ಮನೆಯಲ್ಲಿ ಇಂಗ್ಲಿಷ್ ಅರ್ಥವಾಗುವ ಅತ್ತೆ ಮಾವ ಇದ್ದರೆ, ಇಯರ್‌ಫೋನ್ ಹಾಕಿಕೊಂಡೇ ಕೇಳಿ.